ಹಳೆಯ ಕೈ ಉಪಕರಣಗಳ ರಾಶಿಯಲ್ಲಿ ಬೆಲೆಬಾಳುವುದನ್ನು ಗುರುತಿಸುವುದು ಹೇಗೆ?

ಹಳೆಯ ಸಾಮಾನುಗಳ ಮಾರಾಟದಲ್ಲಿ ಮರಗೆಲಸದ ಉಪಕರಣಗಳಿಗೆ ಮೇಜಿನ ಮೇಲೆ ಜಾಗ ಸಿಗುವುದು ಅಪರೂಪ. ಪಿಂಗಾಣಿ, ಗಡಿಯಾರಗಳು ಕಣ್ಣಿಗೆ ಬೀಳುವಂತೆ ಮೇಲಿದ್ದರೆ, ಹತ್ತರಿ, ಉಳಿ, ಗರಗಸ, ಬೈರಿಗೆಗಳು ಹಳೆಯ ಮೊಳೆಗಳ ಜೊತೆ ಕೆಳಗಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗಬೇಕಾದವೇ ಆದರೂ, ಕೆಲಸಗಾರರು ಬಯಸುವ ಮತ್ತು ಸಂಗ್ರಾಹಕರು ಹುಡುಕುವ ಒಂದೆರಡು ಉಪಕರಣಗಳು ನಡುವೆ ಸೇರಿಕೊಂಡಿರುವುದುಂಟು. ಅವನ್ನು ಹೆಕ್ಕಬೇಕಾದರೆ ದೋಷಗಳಲ್ಲಿರುವ ಎರಡು ಬಗೆಯನ್ನು ತಿಳಿದಿರಬೇಕು. ಕೊಳೆ, ಮೇಲ್ತುಕ್ಕು, ಮೊಂಡಾದ ಅಲಗು ಇವು ಬೆಲೆಯನ್ನು ಇಳಿಸಿದರೂ ಕೈಯಿಂದ ಸರಿಪಡಿಸಬಹುದಾದ ದೋಷಗಳು; ಬಿರುಕು, ಆಳವಾದ ಗುಳಿ, ಕಳೆದುಹೋದ ಭಾಗ, ಹದಗೆಟ್ಟ ಉಕ್ಕು ಇವು ಸರಿಹೋಗದವು. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಬಹುಮಟ್ಟಿಗೆ ಈ ಎರಡನ್ನು ಬೇರ್ಪಡಿಸುವುದಕ್ಕಾಗಿಯೇ ಇವೆ.

ಹೊರಡುವ ಮುನ್ನ

ಟಾರ್ಚು, ಭೂತಗನ್ನಡಿ, ಉಕ್ಕಿನ ಸಣ್ಣ ಅಳತೆಪಟ್ಟಿ, ಸ್ಕ್ರೂಡ್ರೈವರ್, ಒರಟು ಬಟ್ಟೆ, ದಪ್ಪ ಕೈಗವಸು ಮತ್ತು ಒಂದು ಪುಟ್ಟ ಆಯಸ್ಕಾಂತ ಜೊತೆಯಲ್ಲಿದ್ದರೆ ಸಾಕು. ಹಿತ್ತಾಳೆಯಂತೆ ಕಾಣುವ ಭಾಗಕ್ಕೆ ಆಯಸ್ಕಾಂತ ಅಂಟಿಕೊಂಡರೆ ಅದು ಲೇಪನ ಕೊಟ್ಟ ಕಬ್ಬಿಣವೆಂದು ಅಲ್ಲೇ ತಿಳಿಯುತ್ತದೆ. ಮಾರಾಟ ಶುರುವಾಗುವ ಹೊತ್ತಿಗೇ ಹೋಗುವುದು ಒಳ್ಳೆಯದು, ಏಕೆಂದರೆ ಉಪಕರಣಗಳ ವ್ಯಾಪಾರಿಗಳು ತಡವಾಗಿ ಬರುವವರಲ್ಲ. ಒಬ್ಬನೇ ಕೆಲಸಗಾರನ ಪೆಟ್ಟಿಗೆ ಇಡಿಯಾಗಿ ಮಾರಾಟಕ್ಕೆ ಬಂದಿದ್ದರೆ ಅಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಹಿಂದಿನ ಬಡಗಿಗಳು ತಮ್ಮ ಹೆಸರನ್ನೋ ಹೆಸರಿನ ಮೊದಲಕ್ಷರಗಳನ್ನೋ ಉಪಕರಣಗಳ ಮೇಲೆ ಒತ್ತುತ್ತಿದ್ದರು. ಒಂದು ಉತ್ತಮ ಉಳಿಯ ಹಿಡಿಯಲ್ಲಿ ಕಂಡ ಗುರುತು ಬೇರೆ ರಾಶಿಯಲ್ಲಿ ಬಿದ್ದ ಹತ್ತರಿಯ ಮೇಲೂ ಕಂಡರೆ, ಆ ಹತ್ತರಿಯೂ ಜೋಪಾನ ಮಾಡಿದವನ ಕೈಯಲ್ಲಿತ್ತು ಎಂದು ಧೈರ್ಯವಾಗಿ ನಂಬಬಹುದು.

ಗುರುತುಗಳನ್ನು ಓದುವುದು

ಮರದ ಹತ್ತರಿಯಲ್ಲಿ ತಯಾರಕನ ಹೆಸರು ಮುಂಭಾಗದ ತುದಿಯಲ್ಲಿರುತ್ತದೆ, ಕಬ್ಬಿಣದ ಹತ್ತರಿಯಲ್ಲಿ ಅಲಗಿನ ಮೇಲ್ತುದಿಯಲ್ಲಿ ಮತ್ತು ಎರಕದ ಮೇಲೆ, ಉಳಿಯಲ್ಲಿ ಹಿಡಿಗೆ ಸಮೀಪದ ಲೋಹದ ಮೇಲೆ, ಗರಗಸದಲ್ಲಿ ಹಿಡಿಯ ಹಿತ್ತಾಳೆ ಬಿಲ್ಲೆಯ ಮೇಲೆ. ತುಕ್ಕು ಮುಚ್ಚಿದ್ದರೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಒಂದು ಹೆಸರು ಬೆಲೆಯನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ಸೀಸರ್ ಚೆಲರ್‌ನ ಹತ್ತರಿಗಳೇ ಸಾಕ್ಷಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫ್ರಾನ್ಸಿಸ್ ನಿಕೋಲ್ಸನ್ ಎಂಬ ಹತ್ತರಿ ತಯಾರಕನ ಗುಲಾಮನಾಗಿದ್ದು, 1753ರಲ್ಲಿ ಒಡೆಯ ತೀರಿಕೊಂಡಾಗ ಉಯಿಲಿನ ಮೂಲಕ ಬಿಡುಗಡೆಗೊಂಡ ಚೆಲರ್, ಅನಂತರ ತನ್ನದೇ ಹೆಸರೊತ್ತಿ ಹತ್ತರಿಗಳನ್ನು ಮಾಡಿದ. ಆ ಹೆಸರಿಲ್ಲದಿದ್ದರೆ ಅವು ನೋಡುವುದಕ್ಕೆ ಸವೆದ ಮರದ ತುಂಡುಗಳಷ್ಟೇ.

ಹಳೆಯ ಉಳಿ, ಅಲಗುಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂದು ಒತ್ತಿರುವುದನ್ನು ನೋಡಿ ಅದು ಎರಕದ ಅಗ್ಗದ ಸರಕೆಂದು ಬದಿಗಿಡುವವರಿದ್ದಾರೆ. ವಾಸ್ತವವಾಗಿ ಅದು ಮೂಸೆಯಲ್ಲಿ ಕರಗಿಸಿದ ಉತ್ತಮ ಉಕ್ಕಿನ ಗುರುತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ರೂಢಿಗೆ ತಂದ ವಿಧಾನವದು. ಅಮೆರಿಕಕ್ಕೆ ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂಬ ನಿಯಮ 1891ರಿಂದ ಜಾರಿಗೆ ಬಂದದ್ದರಿಂದ, ‘ಇಂಗ್ಲೆಂಡ್’ ಎಂಬ ಪದವಿರುವ ಉಪಕರಣ ಬಹುತೇಕ ಆ ವರ್ಷದ ಈಚಿನದು. ಪೇಟೆಂಟ್ ದಿನಾಂಕವನ್ನು ಮಾತ್ರ ಎಚ್ಚರದಿಂದ ಓದಬೇಕು. ಉಪಕರಣ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದು ಹೇಳುತ್ತದೆ. ತಯಾರಾದ ವರ್ಷ ಅದಕ್ಕಿಂತ ಬಹಳ ಈಚೆಗೆ ಇರಬಹುದು.

ಹತ್ತರಿಯನ್ನು ಬಿಚ್ಚಿ ನೋಡುವುದು

ಕಬ್ಬಿಣದ ಹತ್ತರಿಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಸ್ಟ್ಯಾನ್ಲಿ ಕಂಪನಿಯವು. ಲಿಯೊನಾರ್ಡ್ ಬೈಲಿಯ ವಿನ್ಯಾಸದ ಹಕ್ಕುಗಳನ್ನು ಆ ಕಂಪನಿ 1869ರಲ್ಲಿ ಕೊಂಡಿತು. 1ರಿಂದ 8ರವರೆಗಿನ ಸಂಖ್ಯೆಗಳು ಗಾತ್ರವನ್ನು ಸೂಚಿಸುತ್ತವೆ. 4 ಮತ್ತು 5ನೇ ಸಂಖ್ಯೆಯವು ಲೆಕ್ಕವಿಲ್ಲದಷ್ಟು ತಯಾರಾಗಿರುವುದರಿಂದ ಅವುಗಳ ಬೆಲೆ ಕೆಲಸದ ಬೆಲೆಯೇ ಹೊರತು ಅಪರೂಪದ್ದಲ್ಲ. ಸುಮಾರು ಐದೂವರೆ ಇಂಚು ಉದ್ದದ 1ನೇ ಸಂಖ್ಯೆ ನಿಜಕ್ಕೂ ಅಪರೂಪದ್ದು, ಆ ಕಾರಣಕ್ಕೇ ಅದರ ನಕಲುಗಳೂ ಇವೆ. 602ರಿಂದ 608ರವರೆಗಿನ ಸಂಖ್ಯೆಗಳು ‘ಬೆಡ್‌ರಾಕ್’ ಎಂಬ ಮೇಲ್ದರ್ಜೆಯ ಸಾಲಿನವು. ಅವುಗಳಲ್ಲಿ ಈಚಿನವನ್ನು ಪಕ್ಕದ ಗೋಡೆಗಳ ಮೇಲಂಚು ಕಮಾನಾಗಿರದೆ ಚಪ್ಪಟೆಯಾಗಿರುವುದರಿಂದ ದೂರದಿಂದಲೇ ಗುರುತಿಸಬಹುದು.

ಮಾರುವವರ ಒಪ್ಪಿಗೆ ಪಡೆದು ಮೇಲಿನ ಲಿವರನ್ನು ಎತ್ತಿ, ಅಲಗನ್ನೂ ಅದರ ಮೇಲಿನ ಒತ್ತುಪಟ್ಟಿಯನ್ನೂ ಹೊರತೆಗೆಯಬೇಕು. ಮೊದಲು ತಳದ ಬಾಯಿಯ ನಾಲ್ಕು ಮೂಲೆಗಳಿಗೆ ಟಾರ್ಚು ಹಿಡಿಯಿರಿ. ಕೆಳಗೆ ಬಿದ್ದ ಹತ್ತರಿ ಸಾಮಾನ್ಯವಾಗಿ ಅಲ್ಲಿಂದ ಸೀಳಿರುತ್ತದೆ. ಕೂದಲೆಳೆಯಂಥ ಗೆರೆ ಪಕ್ಕದ ಗೋಡೆಯವರೆಗೆ ಹತ್ತಿದ್ದರೆ ಆ ಹತ್ತರಿಯನ್ನು ಕೆಳಗಿಟ್ಟು ಮುಂದೆ ಹೋಗಬೇಕು. ಬೆಸುಗೆ ಹಾಕಿ ಬಣ್ಣ ಬಳಿದಿದ್ದರೆ ಬೆರಳಿನ ತುದಿಗೆ ಉಬ್ಬು ಸಿಗುತ್ತದೆ. ಅನಂತರ ಅಲಗು ಒರಗುವ ‘ಫ್ರಾಗ್’ ಎಂಬ ಎರಕದ ತುಂಡನ್ನು ನೋಡಿರಿ. ಅದರ ಹಿಂದಿನ ತಳದಲ್ಲಿ ಮೂರು ಪೇಟೆಂಟ್ ದಿನಾಂಕಗಳಿದ್ದರೆ ಹತ್ತರಿ ಬಹುಮಟ್ಟಿಗೆ 1910ರ ದಶಕದ್ದು. ಅಲಗಿನ ಮೇಲೆ ಹೃದಯದ ಆಕಾರದೊಳಗೆ ಎಸ್ ಡಬ್ಲ್ಯು ಅಕ್ಷರಗಳಿದ್ದರೆ ಆ ಅಲಗು ಸುಮಾರು 1920ರಿಂದ 1930ರ ದಶಕದ ನಡುಭಾಗದವರೆಗಿನದು. ಆದರೆ ಅಲಗುಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುವುದರಿಂದ ಇಡೀ ಹತ್ತರಿಯ ಕಾಲವನ್ನು ಅದೊಂದರಿಂದಲೇ ನಿರ್ಧರಿಸಬಾರದು. ಬೀಟೆಯ ಹಿಡಿ, ಅಲಗನ್ನು ಏರಿಳಿಸುವ ಹಿತ್ತಾಳೆಯ ತಿರುಗುಬಿಲ್ಲೆ ಒಳ್ಳೆಯ ಸೂಚನೆಗಳು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇವುಗಳ ಬದಲಿಗೆ ಬಣ್ಣ ಬಳಿದ ಸಾಮಾನ್ಯ ಮರವನ್ನೂ ಗಟ್ಟಿ ರಬ್ಬರನ್ನೂ ಬಳಸಲಾಗಿತ್ತು.

ತಿರುಪುಗಳೆಲ್ಲ ಇವೆಯೇ ಎಂದು ಎಣಿಸುವುದನ್ನು ಮರೆಯಬಾರದು. ಈ ಹತ್ತರಿಗಳ ತಿರುಪಿನ ಎಳೆಗಳು ಅಂಗಡಿಯಲ್ಲಿ ಸಿಗುವ ಅಳತೆಯವಲ್ಲ, ಆದ್ದರಿಂದ ಒಂದು ತಿರುಪು ಕಳೆದುಹೋಗಿದ್ದರೆ ಅದಕ್ಕಾಗಿ ಇನ್ನೊಂದು ಮುರುಕು ಹತ್ತರಿಯನ್ನೇ ಕೊಳ್ಳಬೇಕಾಗಬಹುದು. ಹಲವು ಬಗೆಯ ಅಂಚು ಕೊರೆಯುವ 45ನೇ ಸಂಖ್ಯೆಯ ಸಂಯುಕ್ತ ಹತ್ತರಿಯಲ್ಲಂತೂ ಮೂಲ ಪೆಟ್ಟಿಗೆ ಮತ್ತು ಎಲ್ಲ ಅಲಗುಗಳ ಸಹಿತ ಸಿಕ್ಕಿದ್ದಕ್ಕೂ ಬರೀ ಮೈ ಸಿಕ್ಕಿದ್ದಕ್ಕೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ.

ಗರಗಸ, ಉಳಿ ಮತ್ತು ಉಳಿದವು

ಗರಗಸವನ್ನು ಕೊಳ್ಳುವ ಮೊದಲು ಹಲ್ಲಿನ ಸಾಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಡಿಯಿಂದ ತುದಿಯವರೆಗೆ ನೋಟ ಹಾಯಿಸಬೇಕು. ನಯವಾದ ಬಾಗನ್ನು ತಿದ್ದಬಹುದು, ಮಡಿಕೆ ಬಿದ್ದಂಥ ಚೂಪಾದ ತಿರುವನ್ನು ತಿದ್ದುವುದು ಪಳಗಿದ ಕೈಗೂ ಕಷ್ಟ. ಅರ ಹಾಕಿ ಹಾಕಿ ತುದಿ ಕಡ್ಡಿಯಂತೆ ಸಣ್ಣಗಾಗಿದ್ದರೆ ಬೇಡ. ಹೆನ್ರಿ ಡಿಸ್ಟನ್ 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭಿಸಿದ ಕಾರ್ಖಾನೆಯ ಗರಗಸಗಳ ಕಾಲವನ್ನು ಬಿಲ್ಲೆಯ ಬರಹ ಬದಲಾದ ರೀತಿಯಿಂದಲೇ ಅಂದಾಜು ಮಾಡಲಾಗುತ್ತದೆ. ಆದರೆ ಬಿಲ್ಲೆಯ ಮೇಲೆ ‘ವಾರಂಟೆಡ್ ಸುಪೀರಿಯರ್’ ಎಂದಷ್ಟೇ ಇದ್ದರೆ ಮರುಳಾಗಬೇಕಿಲ್ಲ, ಅದನ್ನು ಅನೇಕ ತಯಾರಕರು ತಮ್ಮ ಸಾಧಾರಣ ಸರಕಿಗೂ ಹಾಕುತ್ತಿದ್ದರು.

ಉಳಿಯಲ್ಲಿ ನೋಡಬೇಕಾದದ್ದು ಓರೆಯಿಲ್ಲದ ಚಪ್ಪಟೆ ಮೈ. ಅಂಚಿಗೆ ಹತ್ತಿರ ಅಲ್ಲಿ ಗುಳಿಗಳಿದ್ದರೆ ಎಷ್ಟು ಸಾಣೆ ಹಿಡಿದರೂ ಅಂಚು ಹಲ್ಲುಹಲ್ಲಾಗಿಯೇ ಉಳಿಯುತ್ತದೆ. ಅಂಚಿನ ಬಳಿ ನೀಲಿ ಛಾಯೆ ಕಂಡರೆ ಯಾರೋ ಯಂತ್ರದ ಸಾಣೆಗೆ ಒತ್ತಿ ಹದ ಕೆಡಿಸಿದ್ದಾರೆಂದು ಅರ್ಥ. ಓರೆಯ ಮೇಲೆ ಎರಡು ಬಣ್ಣದ ಲೋಹ ಕೂಡಿದ ತೆಳು ಗೆರೆ ಕಾಣುವುದಾದರೆ, ಮೆತು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಬೆಸೆದು ಮಾಡಿದ ಹಳೆಯ ಕಸುಬಿನ ಉಳಿ ಅದು. ಸುತ್ತಿಗೆ, ಮೂಲೆಮಟ್ಟ, ಬೈರಿಗೆಗಳಲ್ಲಿ ಇಷ್ಟು ಸೂಕ್ಷ್ಮ ಬೇಕಿಲ್ಲ; ತಯಾರಕನ ಹೆಸರು ಮತ್ತು ಚಲಿಸುವ ಭಾಗಗಳ ಬಿಗಿಯನ್ನು ನೋಡಿದರೆ ಮುಗಿಯಿತು. ಒತ್ತಿದರೆ ತಾನೇ ತಿರುಗುವ ‘ಯಾಂಕಿ’ ಸ್ಕ್ರೂಡ್ರೈವರನ್ನು ಮಾತ್ರ ಮುಖದತ್ತ ಹಿಡಿಯಬೇಡಿರಿ, ಬೀಗ ಸಡಿಲಾದೊಡನೆ ಒಳಗಿನ ಸ್ಪ್ರಿಂಗ್ ಅದರ ಮೊನೆಯನ್ನು ರಭಸದಿಂದ ಹೊರಚಿಮ್ಮಿಸುತ್ತದೆ. ಆನೆದಂತದ ಅಳತೆಪಟ್ಟಿ ಎಷ್ಟೇ ಚೆಂದವಿದ್ದರೂ ಅದರ ವ್ಯಾಪಾರಕ್ಕೆ ಹಲವು ದೇಶಗಳಲ್ಲಿ ಕಾನೂನಿನ ನಿರ್ಬಂಧವಿದೆ.

ಚೌಕಾಸಿ ಮತ್ತು ಆಮೇಲಿನ ಕೆಲಸ

ಬೆಲೆ ಕೇಳುವಾಗ ಬೇಕಾದ ಒಂದೇ ವಸ್ತುವನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಮೂರು ನಾಲ್ಕನ್ನು ಒಟ್ಟಿಗೆ ಕೇಳುವುದು ಲಾಭದಾಯಕ. ಕಂಡ ದೋಷವನ್ನು ಸೌಜನ್ಯದಿಂದ ತೋರಿಸಬಹುದು, ಇಲ್ಲದ ದೋಷವನ್ನು ಹೇಳುವುದು ಸಲ್ಲದು. ಹೊಸದರಂತೆ ಫಳಫಳ ಹೊಳೆಯುವ, ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದ ಹತ್ತರಿಯ ಬಗ್ಗೆ ನನಗೆ ಯಾವಾಗಲೂ ಅನುಮಾನವೇ. ತುಕ್ಕು ಕಾಣುವ ಉಪಕರಣ ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ.

ಮನೆಗೆ ತಂದ ಮೇಲೆ ತಂತಿಚಕ್ರಕ್ಕೆ ಹಿಡಿದು ಹೊಳಪು ತರುವ ಆತುರ ಬೇಡ. ಅದರಿಂದ ಅಕ್ಷರಗಳು ಅಳಿಯುತ್ತವೆ, ಕಾಲದಿಂದ ಮೂಡಿದ ಕಂದು ಛಾಯೆಯೂ ಹೋಗುತ್ತದೆ, ಸಂಗ್ರಾಹಕರು ಕೊಡುವ ಬೆಲೆಯೂ ಕುಸಿಯುತ್ತದೆ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ನವಿರಾದ ಉಕ್ಕಿನ ನಾರಿನಿಂದ ಉಜ್ಜಿದರೆ ಮೇಲ್ತುಕ್ಕು ಸಾಕಷ್ಟು ಬಿಡುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಒಣಗಿದ್ದಾಗ ಕೆರೆಯದೆ ಒದ್ದೆ ಮಾಡಿ ತೆಗೆಯಬೇಕು. ತಲೆ ಹರಡಿಕೊಂಡ ಉಕ್ಕಿನ ಉಳಿಯನ್ನು ಬಳಸುವುದಿದ್ದರೆ, ಹೊಡೆತಕ್ಕೆ ಚೂರು ಸಿಡಿದು ಕಣ್ಣಿಗೆ ಬೀಳದಂತೆ ಆ ಹರಡಿದ ಅಂಚನ್ನು ಮೊದಲು ಅರದಿಂದ ತೆಗೆದುಬಿಡಬೇಕು.