ಮುಖ ಹಸಿರಾದ ದಿನ

ಬೆಂಗಳೂರಿನಿಂದ ಗುವಾಹಟಿಗೋ ಪಟ್ನಾಕ್ಕೋ ವಿಮಾನದಲ್ಲಿ ಹೆಣ ಕಳಿಸಬೇಕು ಅಂದರೆ ಎಂಬಾಮಿಂಗ್ (ಹೆಣ ಕೆಡದಂತೆ ಒಳಗೆ ದ್ರವ ತುಂಬುವುದು) ಆಗಿದೆ ಅನ್ನುವ ಸರ್ಟಿಫಿಕೇಟ್ ಕೇಳುತ್ತಾರೆ. ಆ ಕಾಗದದ ಹಿಂದಿನ ಕೆಲಸ ನನ್ನದು. ಮೆಡಿಕಲ್ ಕಾಲೇಜೊಂದರ ಅನಾಟಮಿ ವಿಭಾಗದಲ್ಲಿ ಟೆಕ್ನೀಷಿಯನ್ ನಾನು. ಸಹಿ ಹಾಕುವುದು ಡಾಕ್ಟರು, ಕೈ ಹಾಕುವುದು ನಾವು. ಮೊದಲ ವರ್ಷ ಮನೆಯಲ್ಲಿ ‘ಲ್ಯಾಬ್ ಕೆಲಸ’ ಅಂತಷ್ಟೇ ಹೇಳಿದ್ದೆ. ಸುಳ್ಳೇನಲ್ಲ, ಅಲ್ವಾ?

ಬಾಡಿ ಬಂದ ಕೂಡಲೇ ನೋಡುವುದು ಕಾಗದಪತ್ರ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವು ಆಗಿದ್ದರೆ ಪೋಸ್ಟ್‌ಮಾರ್ಟಂ ಮುಗಿದು ಪೊಲೀಸರ ಎನ್‌ಒಸಿ ಬರುವವರೆಗೆ ನಾವು ಮುಟ್ಟುವುದಿಲ್ಲ. ಹೆಣ ಕೆಡದಂತೆ ತಡೆಯುವ ಫಾರ್ಮಾಲಿನ್ ಒಳಗೆ ಹೋದಮೇಲೆ ವಿಷ ಪತ್ತೆ ಮಾಡುವ ಪರೀಕ್ಷೆಗಳು ಕೆಡುತ್ತವೆ. ಫ್ಲೈಟ್ ತಪ್ಪುತ್ತದೆ ಅಂತ ಮನೆಯವರು ಎಷ್ಟು ಬೇಡಿಕೊಂಡರೂ ಇದರಲ್ಲಿ ರಾಜಿ ಇಲ್ಲ.

ಕೆಲಸ ಶುರುವಾಗುವುದು ನೀವುವುದರಿಂದ. ಸೆಟೆದ ಕೈಕಾಲುಗಳನ್ನು ಮಡಚಿ, ನೀವಿ ಸಡಿಲ ಮಾಡಬೇಕು. ಆಮೇಲೆ ತೊಡೆಸಂದಿಯಲ್ಲಿ ಸಣ್ಣಗೆ ಕೊಯ್ದು ದೊಡ್ಡ ರಕ್ತನಾಳ ಹುಡುಕಿ, ಕೊಳವೆ ತೂರಿಸಿ ದಾರ ಕಟ್ಟುತ್ತೇವೆ. ಕ್ಯಾನನ್ನು ಎತ್ತರಕ್ಕೆ ನೇತುಹಾಕಿದರೆ ದ್ರವ ತಾನಾಗಿ ಇಳಿಯುತ್ತದೆ. ಫಾರ್ಮಾಲಿನ್, ಸ್ಪಿರಿಟ್, ಗ್ಲಿಸರಿನ್, ನೀರು, ಚೂರು ಇಯೋಸಿನ್ ಅನ್ನುವ ಗುಲಾಬಿ ಬಣ್ಣ. ಸುಮಾರು ಹತ್ತು ಲೀಟರ್. ಬೆರಳ ತುದಿ ತುಂಬಿಕೊಂಡರೆ, ಚರ್ಮದ ಕೆಳಗಿನ ನರ ಉಬ್ಬಿದರೆ ದ್ರವ ಅಲ್ಲಿಗೆ ಮುಟ್ಟಿದೆ ಅಂತ ಅರ್ಥ. ಪೋಸ್ಟ್‌ಮಾರ್ಟಂ ಆದ ಬಾಡಿಗೆ ಈ ಸುಲಭ ಇಲ್ಲ. ಒಳಗಿನ ನಾಳಗಳೆಲ್ಲ ಕತ್ತರಿಸಿರುತ್ತವೆ. ತಲೆಗೆ, ಕೈಗೆ, ಕಾಲಿಗೆ ಬೇರೆ ಬೇರೆ ಆರು ಕಡೆಯಿಂದ ಕೊಡಬೇಕು.

ಮೂರನೇ ವರ್ಷ ನನ್ನಿಂದ ಒಂದು ಎಡವಟ್ಟಾಯಿತು. ಲಿವರ್ ಕೆಟ್ಟು ತೀರಿಕೊಂಡ ಅಸ್ಸಾಂನ ಕೂಲಿಯವನು. ಮೈಯೆಲ್ಲ ಅರಿಶಿನದ ಬಣ್ಣ. ಏಪ್ರಿಲ್ ಬಿಸಿಲು, ದೂರದ ಊರು, ಸ್ಟ್ರಾಂಗ್ ಆಗಿದ್ದರೆ ಒಳ್ಳೆಯದು ಅಂದುಕೊಂಡು ಫಾರ್ಮಾಲಿನ್ ಜಾಸ್ತಿ ಸುರಿದೆ. ಮಾರನೆಯ ದಿನ ಬೆಳಿಗ್ಗೆ ಬಟ್ಟೆ ಸರಿಸಿದರೆ ಕೆನ್ನೆ, ಹಣೆ ಎಲ್ಲ ಹಸಿರು. ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಾಗೆ. ಅವನ ತಮ್ಮ ನನ್ನ ಮುಖ ನೋಡಿ ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: ‘ಏನು ಹಾಕಿದ್ರಿ?’

ಕಾಮಾಲೆಯ ಹಳದಿಗೆ ಕಾರಣ ಬಿಲಿರುಬಿನ್. ಫಾರ್ಮಾಲಿನ್ ತಗುಲಿದರೆ ಅದು ಬಿಲಿವರ್ಡಿನ್ ಆಗುತ್ತದೆ. ಪೆಟ್ಟು ಬಿದ್ದ ಜಾಗ ನಾಲ್ಕಾರು ದಿನಕ್ಕೆ ಹಸಿರಾಗುತ್ತದಲ್ಲ, ಅದೇ ಬಣ್ಣ. ಇದನ್ನು ಹಿರಿಯ ಅಟೆಂಡರ್ ಆಮೇಲೆ ಬೈಯುತ್ತಾ ಹೇಳಿಕೊಟ್ಟರು. ‘ಮೊದಲೇ ಹೇಳಬಾರದಿತ್ತಾ’ ಅನ್ನೋಣ ಅನ್ನಿಸಿತು, ಸುಮ್ನೆ ಇದ್ದೆ. ಅವತ್ತು ಆಫೀಸಿನ ಮೇಡಂ ಒಬ್ಬರ ಫೇಸ್ ಪೌಡರ್ ಬೇಡಿ ತಂದು ಹಚ್ಚಿದೆವು. ಪೂರ್ತಿ ಮುಚ್ಚಲಿಲ್ಲ. ತಮ್ಮನಿಗೆ ತಪ್ಪು ನನ್ನದು ಅಂತ ಹೇಳಿದೆ. ಅವನು ತಲೆಯಾಡಿಸಿದ, ಅಷ್ಟೇ.

ಈಗ ಕಾಮಾಲೆ ಕೇಸ್ ಬಂದರೆ ಮೊದಲು ಸಲೈನ್‌ನಲ್ಲಿ ಸೋಡಿಯಂ ಸಿಟ್ರೇಟ್ ಬೆರೆಸಿ ರಕ್ತ ತೊಳೆದುಬಿಡುತ್ತೇನೆ. ಫಾರ್ಮಾಲಿನ್ ಕಮ್ಮಿ, ಇಯೋಸಿನ್ ಒಂದು ಚಿಟಿಕೆ ಜಾಸ್ತಿ. ಬಣ್ಣ ಬದಲಾಗಬಹುದು ಅಂತ ಮನೆಯವರಿಗೆ ಮೊದಲೇ ತಿಳಿಸುತ್ತೇನೆ.

ನಮ್ಮ ಮೈಯ ಕಥೆ ಬೇರೆ. ಕಣ್ಣುರಿ, ಗಂಟಲ ಕೆರೆತ ದಿನದ ಪಾಡು. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಹೇಳಿದೆ. ಮೊದಲೆಲ್ಲ ಕರ್ಚೀಫ್ ಕಟ್ಟಿಕೊಂಡು ಮಾಡಿದವರು ನಾವು. ಈಗ ಎಕ್ಸಾಸ್ಟ್ ಫ್ಯಾನ್ ಕೆಟ್ಟಿದ್ದರೆ ನಾನು ಕ್ಯಾನ್ ಮುಚ್ಚಳ ತೆಗೆಯುವುದೇ ಇಲ್ಲ. 2020ರಲ್ಲಿ ಕೊರೊನಾದಿಂದ ಸತ್ತವರಿಗೆ ಎಂಬಾಮಿಂಗ್ ಮಾಡಲೇಬಾರದು ಅಂತ ಕೇಂದ್ರ ಸರ್ಕಾರ ಹೇಳಿತು.

ಹಸಿರು ಮುಖದ ಆ ದಿನದಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಪೆಟ್ಟಿಗೆ ಸೀಲ್ ಮಾಡುವ ಮುಂಚೆ ಮನೆಯವರೊಬ್ಬರನ್ನು ಒಳಗೆ ಕರೆದು ಮುಖ ತೋರಿಸುತ್ತೇನೆ. ಮೊನ್ನೆ ಒಬ್ಬ ಹುಡುಗ ಬಂದ, ಹದಿನೇಳು ಹದಿನೆಂಟು ಇರಬಹುದು. ಅವರಪ್ಪನಿಗೆ ನಾನು ಎಣ್ಣೆ ಹಚ್ಚಿ ನೀಟಾಗಿ ತಲೆ ಬಾಚಿದ್ದೆ. ‘ಅಪ್ಪ ತಲೇನೇ ಬಾಚ್ತಿರಲಿಲ್ಲ ಅಣ್ಣ’ ಅಂದ. ಆಮೇಲೆ ಮುಂದೆ ಬಂದು ತಾನೇ ಕೂದಲು ಕೆದರಿದ.