1833ರ ಗ್ಲಾಸ್ಗೋ ಚುನಾವಣೆ: ಹಿಂದಿನಿಂದ ಎಣಿಸಿ ಹಿಡಿದ ಪಟ್ಟಿ

1833ರ ನವೆಂಬರಿನ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಸಭೆ ಚುನಾವಣೆಯ ಪಟ್ಟಿ ಕೊನೆಗೂ ಕೈಗೆ ಸಿಕ್ಕಿತು. ಐದು ವಾರ್ಡ್, ವಾರ್ಡಿಗೆ ಆರು ಜನ. ಯಾರು ಮೇಲೆ ಬಂದರು, ಯಾರು ಕೊನೆಯಲ್ಲಿ ನುಸುಳಿದರು ಎಲ್ಲ ಇದೆ. "ಮತದ ಲೆಕ್ಕ ಇಲ್ಲದೆ ಇದೆಲ್ಲ ಆಗೋ ಮಾತಲ್ಲ, ಬಿಡಿ ಸಾರ್" ಅಂದವರೂ ಓದಲಿ.

ಮೊದಲು ಎಲ್ಲರಂತೆ ಹಳೇ ಪತ್ರಿಕೆಗಳ ಹಿಂದೆ ಬಿದ್ದೆ. ಚಂದಾಕ್ಕೆ ಏಳೆಂಟು ಸಾವಿರ ಹೋಯಿತು. ಪುಟದ ಮಡಿಕೆ ಸರಿಯಾಗಿ ಮತಗಳ ಕಾಲಮ್ಮಿನ ಮೇಲೇ ಬಿದ್ದಿತ್ತು. ಟೈಪಿಂಗಿಗೆ ಒಬ್ಬರಿಗೆ ಕೊಟ್ಟೆ, ಅವರಿಗೆ 3 ಮತ್ತು 8 ಎರಡೂ ಒಂದೇ. ಆ ಎರಡು ಸಾವಿರವೂ ನೀರಿಗೆ.

ಆಮೇಲೆ ಕಾಯ್ದೆಯನ್ನೇ ಹಿಡಿದೆ. ಅಲ್ಲಿಯವರೆಗೆ ಹಳೇ ಸದಸ್ಯರೇ ಹೊಸಬರನ್ನು ಆರಿಸಿಕೊಳ್ಳುತ್ತಿದ್ದರು. 1833ರ ಸುಧಾರಣೆ 10 ಪೌಂಡ್ ಬಾಡಿಗೆಯ ಮನೆಯವರ ಕೈಗೆ ಮತ ಕೊಟ್ಟಿತು. ಜೊತೆಗೆ, ವರ್ಷಕ್ಕೆ ಮೂರನೇ ಒಂದು ಪಾಲು ಸದಸ್ಯರು ಇಳಿಯಬೇಕು, ಕಡಿಮೆ ಮತ ಬಂದವರು ಮೊದಲು. ಅಷ್ಟು ಸಾಕು ಅಲ್ವಾ? 1834ರಲ್ಲಿ ಇಳಿದವರು ಕೆಳಗಿನ ಜೋಡಿ, 1835ರವರು ನಡುವಿನವರು, ಉಳಿದವರು ಮೇಲಿನವರು. ನಡುವೆ ಸತ್ತವರು, ರಾಜೀನಾಮೆ ಕೊಟ್ಟವರು ಲೆಕ್ಕ ಕೆಡಿಸುತ್ತಾರೆ. ಅವರನ್ನು ಮೊದಲೇ ಬೇರೆ ಹಾಳೆಗೆ ಹಾಕಿ. ಪುಟ ಓದಲು ಬಂದ ವಾರ್ಡುಗಳಲ್ಲಿ ತಾಳೆ ನೋಡಿದೆ, ಸರಿಯಾಗಿಯೇ ಕೂತಿತು. ಜೋಡಿಯೊಳಗೆ ಯಾರು ಮುಂದೆ ಅನ್ನೋದನ್ನು ಬಿಡಿಸುವ ದಾರಿಯೂ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸಭೆಯ ಪಟ್ಟಿಯಲ್ಲಿ 30ರ ಬದಲು 32 ಹೆಸರು ಕಂಡರೆ ಗಾಬರಿ ಬೇಡ. ಡೀನ್ ಆಫ್ ಗಿಲ್ಡ್ ಎಂಬ ಹುದ್ದೆಯವರು ವರ್ತಕರ ಸಂಘದಿಂದ ಬಂದವರು, ಡೀಕನ್ ಕನ್ವೀನರ್ ಕಸುಬುದಾರರ ಸಂಘದಿಂದ. ಇಬ್ಬರಿಗೂ ವಾರ್ಡ್ ಇಲ್ಲ.

ಜಾಸ್ತಿ ಕಾಡಿದ್ದು ಹೆಸರುಗಳು. ಊರಿನವರ ಹೆಸರು, ಕಸುಬು, ವಿಳಾಸ ಇರುವ ಪೋಸ್ಟ್ ಆಫೀಸ್ ಡೈರೆಕ್ಟರಿಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ. ಆದರೆ ಮನೆತನದ ಹೆಸರುಗಳ ಮೊದಲಿಗೆ ಬರುವ ಮ್ಯಾಕ್ ಎಂಬುದನ್ನು ಆಗ ಒಂದು ಎಂ, ಅದರ ಪಕ್ಕ ಮೇಲೊಂದು ಕೊಕ್ಕೆ ಹಾಕಿ ಅಚ್ಚು ಮಾಡುತ್ತಿದ್ದರು. ಕಂಪ್ಯೂಟರ್ ಆ ಕೊಕ್ಕೆಯನ್ನು ಒಮ್ಮೆ ನಕ್ಷತ್ರ, ಒಮ್ಮೆ ಒಂದು ಎಂದು ಓದುತ್ತದೆ. ಹುಡುಕಿದರೆ ಆ ಮನೆತನವೇ ಊರಲ್ಲಿಲ್ಲ! ಅದಕ್ಕೇ ಮ್ಯಾಕ್ ಪುಟಗಳನ್ನೆಲ್ಲ ಕಣ್ಣಲ್ಲೇ ಓದಿದೆ. ಒಂದೇ ಹೆಸರಿನ ಇಬ್ಬರಿದ್ದರೆ ಕಸುಬು ನೋಡಿ ಬೇರ್ಪಡಿಸಿದೆ. ಅಲ್ಲಿ ಆಗ ಮನೆ ಬದಲಿಸುತ್ತಿದ್ದದ್ದು ಮೇ ಕೊನೆಗೆ, ಡೈರೆಕ್ಟರಿ ಬರುತ್ತಿದ್ದದ್ದು ಅದರ ಬೆನ್ನಿಗೆ. ಹಾಗಾಗಿ ನವೆಂಬರಿನ ಚುನಾವಣೆಗೆ ಅದೇ ವರ್ಷದ ಡೈರೆಕ್ಟರಿ ತೆಗೆಯಿರಿ, ಹಿಂದಿನದಲ್ಲ.

ಸುಮ್ನೆ 1882ಕ್ಕೂ ಕೈ ಹಾಕಿದ್ದೆ. 1881ರ ಕಾಯ್ದೆಯಿಂದ, ತಮ್ಮ ಹೆಸರಲ್ಲೇ ಮನೆಯಿದ್ದ ಮದುವೆಯಾಗದ ಹೆಂಗಸರು, ವಿಧವೆಯರು ನಗರಸಭೆಗೆ ಮತ ಹಾಕುವಂತಾಗಿತ್ತು. ಅವರ ಮತ ಯಾರ ಕಡೆ ವಾಲಿತು ನೋಡೋಣ ಅಂದುಕೊಂಡೆ. 1872ರಿಂದಲೇ ಗುಪ್ತ ಮತದಾನ ಬಂದಿತ್ತು, ಆಟ ಅಲ್ಲಿಗೇ ಮುಗಿಯಿತು.

ಈಗ 1846ರ ಮೇಲೆ ಕಣ್ಣು. ಪಕ್ಕದ ಗಾರ್ಬಲ್ಸ್, ಕ್ಯಾಲ್ಟನ್, ಆಂಡರ್ಸ್ಟನ್ ಗ್ಲಾಸ್ಗೋಗೆ ಸೇರಿ ವಾರ್ಡುಗಳು 16 ಆದ ವರ್ಷ ಅದು. ಅದರ ಪತ್ರಿಕೆಗಳ ಒಳ್ಳೆಯ ಸ್ಕ್ಯಾನ್ ಯಾರಾದರೂ ತರಿಸುವುದಾದರೆ ಹೇಳಿ, ಅರ್ಧ ದುಡ್ಡು ನಾನು ಹಾಕುತ್ತೇನೆ.