ಹೊರದೇಶದ ಕ್ಲೈಂಟ್, ಬೆಂಗಳೂರಿನ ತೆರಿಗೆ: ನಾನು ಲೆಕ್ಕ ಇಡುವ ರೀತಿ

ಕ್ಲೈಂಟ್ ಅಮೆರಿಕದಲ್ಲಿದ್ದರೂ ನಾನು ಫ್ರೀಲಾನ್ಸರ್ ಆಗಿ ಕೋಡ್ ಬರೆಯುವುದು ಜಯನಗರದ ಮನೆಯಲ್ಲಿ ಕೂತು. ಹಾಗಾಗಿ ಆ ಆದಾಯಕ್ಕೆ ತೆರಿಗೆ ಇಲ್ಲಿಯೇ. ಡಾಲರ್‌ನಲ್ಲಿ ಬಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ ಕ್ಲೈಂಟ್‌ಗೆ ಮೊದಲ ಬಿಲ್‌ಗಿಂತ ಮುಂಚೆಯೇ, ನಾನು ಹೊರದೇಶದ ವ್ಯಕ್ತಿ ಎಂದು ಘೋಷಿಸುವ ಡಬ್ಲ್ಯೂ-8ಬೆನ್ ಫಾರ್ಮ್ ಸಹಿ ಮಾಡಿ ಕಳಿಸುತ್ತೇನೆ. ಅದಿಲ್ಲದಿದ್ದರೆ ಅವರು ಅಲ್ಲಿನ ತೆರಿಗೆಯೆಂದು ಶೇ. 30 ಹಿಡಿದುಕೊಳ್ಳಬಹುದು.

2025-26ರ ಆದಾಯ ತೆರಿಗೆಗೆ ನಾನು ಅನುಸರಿಸಿದ್ದು 44ಎಡಿಎ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸ್ವೀಕೃತಿಯ ಒಂದು ಪಾಲನ್ನೇ ಆದಾಯವೆಂದು ಅಂದಾಜಿಸುವ ಕಲಂ. ಐಟಿ ವೃತ್ತಿಗೆ ಇದು ಅನ್ವಯಿಸುತ್ತದೆ. ಒಟ್ಟು ಸ್ವೀಕೃತಿಯ ಮಿತಿ 50 ಲಕ್ಷ, ನಗದು ಶೇ. 5 ಮೀರದಿದ್ದರೆ 75 ಲಕ್ಷ. ಬಂದ ಸ್ವೀಕೃತಿಯ ಅರ್ಧವನ್ನು ಆದಾಯವೆಂದು ತೋರಿಸಿದರೆ ಖರ್ಚಿನ ಲೆಕ್ಕಪುಸ್ತಕ ಬೇಡ. 2025-26ರಲ್ಲಿ 30 ಲಕ್ಷ ಬಂದಿದ್ದರೆ ಆದಾಯ 15 ಲಕ್ಷ; ಹೊಸ ಪದ್ಧತಿಯಲ್ಲಿ ತೆರಿಗೆ 1,05,000, ಸೆಸ್ ಸೇರಿ 1,09,200 ರೂಪಾಯಿ. ಸಂಬಳದಾರರಿಗಿರುವ 75,000ದ ಕಡಿತ ನಮಗಿಲ್ಲ.

ಬಹಳ ಜನ ಎಡವುವುದು ಕಮಿಷನ್‌ನಲ್ಲಿ. 1,000 ಡಾಲರ್ ಬಿಲ್‌ನಲ್ಲಿ ಕೆಲಸ ಕೊಡಿಸುವ ಪ್ಲಾಟ್‌ಫಾರ್ಮ್ 100 ಮುರಿದುಕೊಂಡು 900 ಹಾಕಿದರೂ ಸ್ವೀಕೃತಿ 1,000ವೇ. ಆ 100, ಲ್ಯಾಪ್‌ಟಾಪ್, ಇಂಟರ್‌ನೆಟ್ ಎಲ್ಲ ಖರ್ಚೆಂದು ಬಿಟ್ಟುಕೊಟ್ಟ ಉಳಿದರ್ಧದಲ್ಲೇ ಸೇರಿಹೋಗಿವೆ.

ಮುಂಗಡ ತೆರಿಗೆಯನ್ನು ಈ ಅಂದಾಜು ಪದ್ಧತಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಹಾಗಂತ ಮಾರ್ಚ್‌ವರೆಗೆ ಕಾಯಬೇಡಿ. ಪ್ರತಿ ಪಾವತಿ ಬಂದ ದಿನವೇ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ. ಮಾರ್ಚ್ ದಾಟಿದರೆ ಏಪ್ರಿಲ್ 1ರಿಂದಲೇ ಬಾಕಿಗೆ ತಿಂಗಳಿಗೆ ಶೇ. 1 ಬಡ್ಡಿ ಬೀಳುತ್ತಾ ಹೋಗುತ್ತದೆ.

ಇನ್ನು ಜಿಎಸ್‌ಟಿ. ನೋಂದಣಿಗಿರುವ 20 ಲಕ್ಷದ ವಾರ್ಷಿಕ ವಹಿವಾಟಿನ ಮಿತಿ ಎಣಿಸುವಾಗ ರಫ್ತೂ, ಅಂದರೆ ಹೊರದೇಶದ ಕ್ಲೈಂಟ್‌ಗೆ ಮಾಡಿದ ಕೆಲಸವೂ ಸೇರುತ್ತದೆ, "ಎಲ್ಲಾ ಫಾರಿನ್ ಕ್ಲೈಂಟೇ, ನೋಂದಣಿ ಯಾಕೆ?" ಅನ್ನುವುದು ತಪ್ಪು. ಬಾಡಿಗೆ ಮನೆಯಿಂದ ನೋಂದಣಿ ಮಾಡುವಾಗ ಬಾಡಿಗೆ ಕರಾರಿನ ಜೊತೆ ಬೆಸ್ಕಾಂ ಬಿಲ್ ಬೇಕಾಗುತ್ತದೆ. ಆ ಬಿಲ್ ಎಷ್ಟೋ ಕಡೆ ಓನರ್ ಅವರ ತೀರಿಹೋದ ತಂದೆಯ ಹೆಸರಲ್ಲೇ ಇರುತ್ತದೆ, ಅರ್ಜಿ ಅಲ್ಲಿಗೆ ನಿಲ್ಲುತ್ತದೆ. ಹೆಸರು ಹೊಂದದಿದ್ದರೆ ಖಾತಾ ಅಥವಾ ಆಸ್ತಿ ತೆರಿಗೆ ರಸೀದಿಯನ್ನೂ ಓನರ್ ಅವರ ಒಪ್ಪಿಗೆ ಪತ್ರವನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ.

ರಫ್ತಿಗೆ ತೆರಿಗೆ ದರ ಸೊನ್ನೆ, ಆದರೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಸಲ್ಲಿಸಿದ್ದರೆ ಮಾತ್ರ ಕೈಯಿಂದ ಕಟ್ಟದೆ ಬಿಲ್ ಮಾಡಬಹುದು. ಫಾರ್ಮ್ ಆರ್‌ಎಫ್‌ಡಿ-11, ಶುಲ್ಕವಿಲ್ಲ, ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ. ಪ್ರತಿ ವರ್ಷ ಹೊಸದು ಹಾಕಬೇಕು. ಬಿಲ್‌ನಲ್ಲಿ ಎಲ್‌ಯುಟಿ ಅಡಿಯ ರಫ್ತು ಎಂಬ ಸಾಲು ಇರಲಿ. ಬಿಲ್‌ಗಳ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ಅದು 6ಎ ಕೋಷ್ಟಕಕ್ಕೆ, ಒಟ್ಟು ಲೆಕ್ಕದ ಜಿಎಸ್‌ಟಿಆರ್-3ಬಿಯಲ್ಲಿ 3.1(ಬಿ)ಗೆ ಹೋಗುತ್ತದೆ. ಸೊನ್ನೆ ದರ ಅಂದ ತಕ್ಷಣ 3.1(ಸಿ)ಯಲ್ಲಿ ತುಂಬಿಬಿಡುತ್ತಾರೆ, ಅದು ವಿನಾಯಿತಿ ಪಡೆದ ಸೇವೆಗಳ ಜಾಗ, ಅಲ್ಲಿ ಹಾಕಿದರೆ ಖರೀದಿಗಳ ಮೇಲೆ ಕಟ್ಟಿದ ಜಿಎಸ್‌ಟಿಯ ರೀಫಂಡ್ ಸಿಕ್ಕಿಹಾಕಿಕೊಳ್ಳುತ್ತದೆ.

ಹಣ ಬಿಲ್ ದಿನಾಂಕದಿಂದ ನಿಗದಿತ ಅವಧಿಯೊಳಗೆ ಬರಬೇಕು. ಅದು ವಿದೇಶಿ ಕರೆನ್ಸಿಯಲ್ಲೇ ಬಂತೆನ್ನುವುದಕ್ಕೆ ಬ್ಯಾಂಕಿನ ಎಫ್‌ಐಆರ್‌ಸಿ ಅಥವಾ ಪಾವತಿ ಸಂಸ್ಥೆಯ ಎಫ್‌ಐಆರ್‌ಎ ಪತ್ರ ಬೇಕು. ನನ್ನ ಶೀಟ್‌ನಲ್ಲಿ ಪ್ರತಿ ಸಾಲಿಗೂ ಬಿಲ್ ಸಂಖ್ಯೆ, ಡಾಲರ್ ಮೊತ್ತ, ಕಮಿಷನ್, ಖಾತೆಗೆ ಬಿದ್ದ ರೂಪಾಯಿ, ಎಫ್‌ಐಆರ್‌ಎ ಸಂಖ್ಯೆ, ಹಣ ಯಾವ ಕೆಲಸಕ್ಕೆ ಬಂತೆಂದು ತಿಳಿಸುವ ಪರ್ಪಸ್ ಕೋಡ್ ಇರುತ್ತವೆ. ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಕೋಡ್ ಪಿ0802. ಬೇರೆ ಕೋಡ್ ಬಿದ್ದಿದ್ದರೆ ಆ ತಿಂಗಳೇ ಬ್ಯಾಂಕಿಗೆ ಬರೆದು ತಿದ್ದಿಸಿಕೊಳ್ಳುತ್ತೇನೆ.